ಮೂಲೆಯ ಪ್ಯಾದೆ ಒಂದು ಮನೆ ಮುಂದೆ

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನಮ್ಮ ಭಾಗ್ಯಶ್ರೀಯನ್ನು ಉದಗೀರದ ಚದುರಂಗದ ಸರ್ ತಮ್ಮ ರವಿವಾರದ ಪಾಠಕ್ಕೆ ಆರಿಸಿಕೊಂಡಿದ್ದಾರೆ. ಸುದ್ದಿ ಬಂದದ್ದು ನಿನ್ನೆ ಸಂಜೆ. ಇವತ್ತು ಬೆಳಗ್ಗೆ ಹಾಲಿನವನಿಗೆ ಎರಡು ಸಲ ಹೇಳಿದೆ. ಎರಡನೇ ಸಲವೂ ಅವನು ಹೊಸದಾಗಿ ಕೇಳಿದವನ ಹಾಗೆ “ಹೌದೇನ್ರೀ ಆಯಿ!” ಅಂದ. ಒಳ್ಳೆಯ ಮನುಷ್ಯ.

ಭಾಗ್ಯಶ್ರೀ ನನ್ನ ಮಗ ಶಿವರಾಜನ ಮಗಳು. ಮನೆಯಲ್ಲಿ ಎಲ್ಲರಿಗೂ ಅವಳು ಭಾಗು. ಈ ವರ್ಷ ಒಂಬತ್ತನೇ ತರಗತಿ. ನಾನು ಓದಿದ್ದು ಎರಡನೇ ತರಗತಿ, ಅದೂ ಪೂರ್ತಿಯಲ್ಲ, ಸುಗ್ಗಿ ಬಂದಾಗ ಬಿಟ್ಟವಳು ಮತ್ತೆ ಹೋಗಲೇ ಇಲ್ಲ. ನಮ್ಮಿಬ್ಬರ ನಡುವೆ ಏಳು ತರಗತಿಗಳ ಅಂತರವಿದೆ ಎಂದು ಅವಳು ಆಗಾಗ ನೆನಪು ಮಾಡಿಕೊಡುತ್ತಾಳೆ.

ಯಾವ ಆಟ ಗೆದ್ದಳು ಎಂದು ಮಾತ್ರ ಕೇಳಬೇಡಿ. ಆಟ ಅವಳದಲ್ಲ. ಯಾವುದೋ ದೇಶದಲ್ಲಿ ಇಬ್ಬರು ಗ್ರ್ಯಾಂಡ್‌ಮಾಸ್ಟರುಗಳು, ಅಂದರೆ ಚದುರಂಗದಲ್ಲಿ ಎಲ್ಲಕ್ಕಿಂತ ಮೇಲಿನ ಪದವಿಯವರು, ಎದುರುಬದುರು ಕೂತು ಐದು ತಾಸು ಆಡಿದ ಆಟ. ಐದು ತಾಸು ಆಡಿಯೂ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಕೈ ಕುಲುಕಿ ಎದ್ದು ಹೋದರು. ಆ ಆಟದ ಮೇಲೆ ನಾಲ್ಕು ಪುಟ ಬರೆದು ನಮ್ಮ ಹುಡುಗಿ ಪಾಸಾದಳು. ಇದನ್ನು ನಿಲಂಗಾದ ನಮ್ಮ ಓಣಿಯಲ್ಲಿ ಬಿಡಿಸಿ ಹೇಳುವುದರಲ್ಲಿ ನನಗೆ ಸಾಕುಸಾಕಾಗಿದೆ. “ಹಂಗಾದ್ರ ಇಕಿ ಗೆದ್ದಾಳೋ ಇಲ್ಲೋ?” ಎಂದು ಪಕ್ಕದ ಮನೆಯಾಕೆ ಇನ್ನೂ ಕೇಳುತ್ತಿದ್ದಾಳೆ.

ನಡೆದದ್ದು ಹೀಗೆ. ಹೋದ ತಿಂಗಳು ಉಮರ್ಗಾದಲ್ಲಿ ಮಕ್ಕಳ ಪಂದ್ಯ ಇತ್ತು. ಅದರಲ್ಲಿ ಮುಂದೆ ಬಂದವರನ್ನು ಉದಗೀರದ ಸರ್ ತಮ್ಮ ಪಾಠಕ್ಕೆ ತೆಗೆದುಕೊಳ್ಳುತ್ತಾರೆ. ಉಮರ್ಗಾ ನನ್ನ ಸೊಸೆ ಸುವರ್ಣಾಳ ತವರು, ಉಳಿಯಲು ಮನೆ ಇತ್ತು, ತಾಯಿ ಮಗಳು ಹೋದರು. ಭಾಗು ಮೂರು ಆಟ ಗೆದ್ದು ಎರಡು ಸೋತು ಬಂದಳು. ಅಷ್ಟು ಸಾಲಲಿಲ್ಲ. ಆದರೆ ಸರ್ ಸ್ವಲ್ಪದರಲ್ಲಿ ತಪ್ಪಿದ ಐದಾರು ಮಕ್ಕಳನ್ನು ಕರೆದು ಒಂದೊಂದು ಹಾಳೆ ಕೊಟ್ಟರಂತೆ. ಹಾಳೆಯಲ್ಲಿ ಆ ಗ್ರ್ಯಾಂಡ್‌ಮಾಸ್ಟರುಗಳ ಆಟ. “ಇದು ಯಾಕೆ ಸಮ ಆಯಿತು ಅಂತ ಬರೆಯಿರಿ. ಎಂಟು ದಿನ ಸಮಯ. ಕಂಪ್ಯೂಟರಿಗೆ ಕೇಳಬೇಡಿ, ನಿಮ್ಮ ತಲೆಗೆ ಕೇಳಿ. ಚೆನ್ನಾಗಿ ಬರೆದ ಒಬ್ಬರನ್ನು ತೆಗೆದುಕೊಳ್ಳುತ್ತೇನೆ” ಎಂದರಂತೆ.

ಶಿವರಾಜನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ಇದೆ. ಸುಟ್ಟುಹೋದ ಬಾವಿಯ ಮೋಟಾರುಗಳು ದಿನವೂ ಅವನ ಮುಂದೆ ಬಂದು ಕೂರುತ್ತವೆ, ಹಾಗಾಗಿ ಅವನಿಗೆ ಯಾವುದರಲ್ಲೂ ಬೇಗ ನಂಬಿಕೆ ಹುಟ್ಟುವುದಿಲ್ಲ. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಮಗಳಿಗೆ ಹೇಳಿದ:

“ನೋಡು ಭಾಗು, ಮುಂದಿನ ವರ್ಷ ಹತ್ತನೇತ್ತಿ. ಇದೊಂದು ಆಗ್ಲಿಲ್ಲಂದ್ರ ಮುಗೀತು, ಆಟದ ಪಟಾ ಮಡಚಿ ಕಪಾಟಿನ ಮ್ಯಾಲ ಇಡೋದು. ಆಮ್ಯಾಗ ಅಳಬಾರದು.”

“ಆದ್ರ?” ಅಂದಳು ಇವಳು.

“ಆದ್ರ ನೋಡಮು.”

ನಮ್ಮ ಮನೆಯಲ್ಲಿ ‘ನೋಡಮು’ ಎಂಬುದು ‘ಇಲ್ಲ’ ಎಂಬುದರ ತಮ್ಮ. ಅದು ಅವಳಿಗೂ ಗೊತ್ತು.

ಆ ದಿನವೇ ಭಾಗು ಮನೆಯ ಫೋನನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು. ಕೈಗೆ ಸಿಕ್ಕರೆ ಕೇಳಿಯೇ ಬಿಡುತ್ತೇನೆ, ಒಂದು ಗಳಿಗೆಯಲ್ಲಿ ಅದು ಎಲ್ಲ ಹೇಳಿಬಿಡುತ್ತದೆ, ಅದಕ್ಕೇ ಅಂದಳು. ಎಂಟು ದಿನ ನಮ್ಮ ಹಿಟ್ಟಿನ ಡಬ್ಬಿ ರಿಂಗಾಯಿತು. ಸುವರ್ಣಾ ರೊಟ್ಟಿ ಬಡಿಯುವುದನ್ನು ಬಿಟ್ಟು, ಮೊಣಕೈವರೆಗೆ ಹಿಟ್ಟಿನಲ್ಲಿ ಕೈ ಹಾಕಿ, ಉಮರ್ಗಾದ ಅಣ್ಣನ ಜೊತೆ ಮಾತಾಡಿ, ಮತ್ತೆ ಹೂತಿಡುತ್ತಿದ್ದಳು. ಅವಳು ಮಗಳ ಆಟದ ಬಗ್ಗೆ ಒಂದು ದಿನವೂ ಏನನ್ನೂ ಕೇಳಿದವಳಲ್ಲ. ಗೆದ್ದೆಯಾ ಎಂದೂ ಇಲ್ಲ, ಸೋತೆಯಾ ಎಂದೂ ಇಲ್ಲ. ಊಟ ಮಾಡಿದೆಯಾ ಎಂದು ಮಾತ್ರ ಕೇಳುತ್ತಾಳೆ.

ಫೋನು ಹಿಟ್ಟಿನೊಳಗೆ ಹೋದ ಮೇಲೆ ಎದುರಿಗೆ ಕೂರಲು ಮನುಷ್ಯರು ಬೇಕಾಯಿತಲ್ಲ, ನನ್ನ ನೆನಪಾಯಿತು.

“ಆಯಿ, ನಿನಗ ಆಡ್ಲಾಕ ಬರ್ತದಲ್ಲ? ಕರೀ ಕಡೆ ನೀ ಕೂಡು.”

ನನಗೆ ಬರುವ ಆಟವೇ ಬೇರೆ. ನನ್ನ ತವರು ಬೀದರ ಕಡೆಯ ಒಂದು ಹಳ್ಳಿ. ಪಡಸಾಲೆಯ ಕಲ್ಲಿನ ಮೇಲೆ ಅಪ್ಪ ಕೆಮ್ಮಣ್ಣಿನಿಂದ ಅರವತ್ತನಾಲ್ಕು ಮನೆ ಎಳೆದಿದ್ದ. ಕರಿ ಬಿಳಿ ಬಣ್ಣ ಇಲ್ಲ, ಬರೀ ಕೆಂಪು ಗೆರೆ. ಹಬ್ಬಕ್ಕೆ ಅವ್ವ ನೆಲ ತಿಕ್ಕಿ ತೊಳೆದಾಗಲೆಲ್ಲ ಗೆರೆ ಹೋಗುತ್ತಿತ್ತು, ಅಪ್ಪ ಮತ್ತೆ ಎಳೆಯುತ್ತಿದ್ದ. ಒಂದು ಸಲ ಉದ್ದಕ್ಕೆ ಎಂಟರ ಬದಲು ಒಂಬತ್ತು ಸಾಲು ಎಳೆದುಬಿಟ್ಟಿದ್ದ. ಎರಡು ದಿನ ಆಡಿದ ಮೇಲೆ ಗೊತ್ತಾಯಿತು. ಆ ಎರಡು ದಿನ ಮೌಲಾಕಾಕಾ, ಅಂದರೆ ಅಪ್ಪನ ಎದುರು ಕೂರುತ್ತಿದ್ದ ನಮ್ಮ ನೆರೆಮನೆಯವರು, “ಯಾಕೋ ಇವತ್ತ ನಿನ್ನ ರಾಜಾ ಭಾಳ ದೂರ ಅದಾನಪ್ಪ” ಎಂದು ಗೊಣಗುತ್ತಲೇ ಇದ್ದರು.

ಅವರ ಆಟ ಒಂದೇ ದಿನಕ್ಕೆ ಮುಗಿಯುತ್ತಿರಲಿಲ್ಲ. ಹೊಲಕ್ಕೆ ಹೋಗುವ ಹೊತ್ತಾದರೆ ಕಾಯಿಗಳ ಮೇಲೆ ದೊಡ್ಡ ಬುಟ್ಟಿ ಕವುಚಿ ಹೋಗುವರು. ಒಂದು ದಿನ ಕರು ಹಗ್ಗ ಬಿಚ್ಚಿಕೊಂಡು ಬಂದು ಬುಟ್ಟಿಯನ್ನೂ ಆಟವನ್ನೂ ಒದ್ದು ಹೋಯಿತು. ಮನೆಯಲ್ಲಿ ನಾನೊಬ್ಬಳೇ. ಏಳೋ ಎಂಟೋ ವರ್ಷ ನನಗೆ. ಬೈಗುಳಕ್ಕೆ ಹೆದರಿ, ನೆನಪಿದ್ದ ಹಾಗೆ ಎಲ್ಲ ಕಾಯಿ ಇಟ್ಟು ಬುಟ್ಟಿ ಕವುಚಿದೆ. ಸಂಜೆ ಮೌಲಾಕಾಕಾ ಬುಟ್ಟಿ ಎತ್ತಿ ನೋಡಿದರು. ಕರು ಮಾಡಿದ್ದು ಅಷ್ಟರಲ್ಲಿ ಓಣಿಗೆಲ್ಲ ಗೊತ್ತಾಗಿತ್ತು.

“ಎಲ್ಲಾ ಬರಾಬರ ಇಟ್ಟಾಳ ಪೋರಿ. ನಂದೊಂದು ಪ್ಯಾದಿ ಕಮ್ಮಿ ಬಿದ್ದದ ನೋಡು” ಅಂದರು. ಪ್ಯಾದೆ ಅಂದರೆ ಕಾಲಾಳು.

“ಅದು ನಿನ್ನೇ ನಮ್ಮಪ್ಪನ ಒಂಟಿ ತಿಂದದಲ್ಲ, ಕಾಕಾ” ಅಂದೆ ನಾನು, ಒಂಟೆಯ ಕಾಯಿ ತೋರಿಸಿ.

ಕಾಕಾ ನಕ್ಕರು, ಅಪ್ಪ ಇನ್ನೂ ಜೋರಾಗಿ ನಕ್ಕ. ಕಾಕಾ ಮೋಸ ಮಾಡಲು ನೋಡಿದ್ದು ಅಂದೇ ಮೊದಲಲ್ಲ ಎಂದು ಆಮೇಲೆ ತಿಳಿಯಿತು. ಅಂದಿನಿಂದ ನಾನು ಅವರ ಆಟದ ಸಾಕ್ಷಿ. ಕಾಕಾನಿಗೆ ಜ್ವರ ಬಂದ ದಿನ ಮಾತ್ರ ಅಪ್ಪನ ಎದುರು ಕೂರುವ ಭಾಗ್ಯ. ಕಾಕಾ ಗಟ್ಟಿ ಆಳು, ಜ್ವರ ಬರುತ್ತಿದ್ದುದೇ ಕಡಿಮೆ. ದೇವರು ನನ್ನನ್ನು ಕ್ಷಮಿಸಲಿ, ಒಮ್ಮೊಮ್ಮೆ ನಾನು ಆ ಜ್ವರಕ್ಕಾಗಿ ಕಾದದ್ದುಂಟು.

ಎಲ್ಲಿಂದ ಎಲ್ಲಿಗೋ ಹೋದೆ. ಭಾಗು ಪಡಸಾಲೆಯಲ್ಲಿ ತನ್ನ ಪ್ಲಾಸ್ಟಿಕ್ ಪಟ ಹಾಸಿ, ಹಾಳೆ ನೋಡಿ ಬಿಳಿಯವನ ಮೊದಲ ನಡೆ ನಡೆಸಿದಳು. ಎಡ ಮೂಲೆಯ ಆನೆಯ ಮುಂದಿನ ಪ್ಯಾದೆ, ಒಂದೇ ಒಂದು ಮನೆ ಮುಂದೆ.

“ನೋಡಿದೇನು ಆಯಿ? ಹಿಂಗ ಯಾರೂ ಸುರು ಮಾಡಲ್ಲ. ಎಲ್ಲಾರೂ ನಡುವಿನ ಪ್ಯಾದಿ ಎರಡು ಮನಿ ನಡಸ್ತಾರ. ಇದು ದಂಡದ ನಡಿ.”

“ಯಾಕ ದಂಡ? ನಮ್ಮಪ್ಪ ದಿನಾ ಇದೇ ನಡಸ್ತಿದ್ದ.”

“ನಿಮ್ಮಪ್ಪ ಗ್ರ್ಯಾಂಡ್‌ಮಾಸ್ಟರಾ?”

“ಅಲ್ಲ. ಎರಡೆಕರೆ ತೊಗರಿ ಇತ್ತು.”

ಅವಳು ಪೆನ್ನು ಕೆಳಗಿಟ್ಟಳು. “ಹಂಗಾರ ಹೇಳು, ಯಾಕ ನಡಸ್ತಿದ್ದ?”

ಯಾಕೆ ಎಂದು ಅಪ್ಪ ನನಗೆ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಆದರೆ ಮೊಮ್ಮಗಳು ಪೆನ್ನು ಕೆಳಗಿಟ್ಟು ಕೇಳಿದಾಗ ಗೊತ್ತಿಲ್ಲ ಅನ್ನಲು ನನ್ನಿಂದಾಗುವುದಿಲ್ಲ. ಯೋಚಿಸಿ ಹೇಳಿದೆ: “ಹೆಣ್ಣು ನೋಡ್ಲಾಕ ಬಂದಾಗ ನೀ ನೋಡೀದಿಲ್ಲೋ? ಬೀಗರು ಬಂದು ಕೂತ ಕೂಡ್ಲೇ ಮಾತು ಸುರು ಮಾಡ್ತಾರೇನು? ‘ಮಳಿ ಹ್ಯಾಂಗದ್ರೀ ನಿಮ್ಮ ಕಡಿ?’ ಅಂತಾರ. ‘ರಸ್ತಾ ಭಾಳ ಖರಾಬ ಅದ’ ಅಂತಾರ. ಯಾಕಂದ್ರ ಮೊದಲು ಮಾತು ತೆಗೆದಂವ ತನ್ನ ಮನಸ್ಸಿನಾಗಿಂದು ಹೊರಗ ಹಾಕಿದಂಗ. ಈ ಮೂಲಿ ಪ್ಯಾದಿ ಮಳಿ ಮಾತು. ನಾ ಏನೂ ಹೇಳಲ್ಲ, ನೀನೇ ಮೊದಲು ಹೇಳು ಅಂದಂಗ.”

ಭಾಗು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಪಟ ನೋಡುತ್ತ, “ಅಂದ್ರ ಬಿಳಿ ತನ್ನ ಪಾಳಿ ಕರಿಗಿ ಕೊಟ್ಟ. ಈಗ ಕರಿನೇ ಬಿಳಿ ಆದಂಗ ಆಯ್ತು. ಆದ್ರ ಒಂದು ಪ್ಯಾದಿ ಮುಂದ ಹೋಗೇದ, ಅದು ಮುಂದ ಕೆಲಸಕ್ಕ ಬರ್ತದ” ಎಂದು ತನಗೇ ಹೇಳಿಕೊಂಡು ಬರೆದುಕೊಂಡಳು. ನಾನು ಹೇಳಿದ್ದಕ್ಕಿಂತ ಅವಳು ಕೇಳಿಸಿಕೊಂಡದ್ದು ಹೆಚ್ಚು ಚೆನ್ನಾಗಿತ್ತು.

ನಾಲ್ಕನೇ ದಿನದವರೆಗೆ ನಾನು ಕರಿಯ ಕಡೆ ಕೂತು ಅವಳು ಹೇಳಿದ ಕಾಯಿಯನ್ನು ಅವಳು ಹೇಳಿದಲ್ಲಿಗೆ ಇಟ್ಟೆ. ನಡುವೆ ತೂಕಡಿಸಿದ್ದೂ ಉಂಟು. ಕಣ್ಣು ಬಿಟ್ಟಾಗಲೆಲ್ಲ ಪಟದ ಮೇಲೆ ಕಾಯಿಗಳು ಕಡಿಮೆಯಾಗಿರುತ್ತಿದ್ದವು. ಕೊನೆಗೆ ಕರಿಯ ಹತ್ತಿರ ರಾಜ ಮತ್ತು ಒಂದು ಆನೆ ಉಳಿದವು. ಬಿಳಿಯ ಹತ್ತಿರ ರಾಜ, ಆನೆ, ಜೊತೆಗೆ ಒಂದು ಪ್ಯಾದೆ. ಆ ಪ್ಯಾದೆ ಇನ್ನು ಎರಡೇ ಮನೆ ದಾಟಿದರೆ ವಜೀರ, ಅಂದರೆ ಮಂತ್ರಿ ಆಗುತ್ತದೆ, ಆಟ ಮುಗಿಯುತ್ತದೆ. ಆದರೆ ಬಿಳಿಯವನು ಪ್ಯಾದೆಯನ್ನು ಒಂದು ಮನೆ ತಳ್ಳಿದ ಕೂಡಲೇ ಕರಿಯವನ ಆನೆ ಪಕ್ಕದಿಂದ ಶಹ, ಅಂದರೆ ಚೆಕ್, ಕೊಡಲು ಶುರು ಮಾಡುತ್ತದೆ. ರಾಜ ಅತ್ತ ಹೋದರೆ ಶಹ, ಇತ್ತ ಬಂದರೆ ಶಹ. ಪ್ಯಾದೆಯನ್ನು ಬಿಟ್ಟು ಹೋಗುವಂತಿಲ್ಲ. ಅದೇ ಅದೇ ನಡೆ ಮೂರು ಸಲ ಆಗಿ ಆಟ ಸಮ.

“ಇಲ್ಲೇ ಏನೋ ಅದ, ಆಯಿ” ಎಂದು ಭಾಗು ಐದನೇ ದಿನ ಅಲ್ಲೇ ಕೂತಳು. ಆರನೇ ದಿನವೂ ಅಲ್ಲೇ. “ಒಂದು ಪ್ಯಾದಿ ಜಾಸ್ತಿ ಇದ್ದಂವ ಯಾಕ ಗೆಲ್ಲಲಿಲ್ಲ? ದಣದಾನೇನು? ಹೆದರ್ಯಾನೇನು? ಏನಂತ ಬರೀಲಿ?” ಊಟ ಬಿಟ್ಟಳು. ಸುವರ್ಣಾ ತಟ್ಟೆಯನ್ನು ಪಟದ ಪಕ್ಕಕ್ಕೇ ತಂದಿಟ್ಟು ಹೋದಳು. ಶಿವರಾಜ ಬಂದು ನಿಂತು ನೋಡಿ, “ಆರು ದಿನಾ ಆಯ್ತು, ಸುಟ್ಟ ಮೋಟಾರ ಬಿಚ್ಚಿದಂಗ ಬಿಚ್ಚಿಕೋತ ಕೂತಾಳ” ಎಂದು ಹೋದ. ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು, ಅವನಿಗೆ ಕಾಣದ ಹಾಗೆ ಮುಖ ತಿರುಗಿಸಿಕೊಂಡಳು.

ನನಗೆ ತಡೆಯಲಾಗಲಿಲ್ಲ. “ಸರಿ, ನಾ ಬಿಳಿ ಆಡ್ತೀನಿ, ನೀ ಕರಿ ಆಡು” ಎಂದು ಪ್ಯಾದೆ ತಳ್ಳುವುದಕ್ಕೆ ಮುಂಚಿನ ಹಾಗೆ ಕಾಯಿ ಇಡಿಸಿದೆ. ಆಮೇಲೆ ಪ್ಯಾದೆಯನ್ನು ಮುಟ್ಟಲಿಲ್ಲ. ರಾಜನನ್ನು ಎತ್ತಿ, ಕುದುರೆಯ ಹಾಗೆ ಎರಡು ಮನೆ ಮುಂದೆ ಒಂದು ಮನೆ ಪಕ್ಕಕ್ಕೆ ಹಾರಿಸಿ, ಪ್ಯಾದೆಯ ಆಚೆ ಬದಿಗೆ ಕೂರಿಸಿದೆ.

“ಆಯೀ! ಏನ್ ಮಾಡ್ಲತ್ತೀ? ರಾಜಾ ಕುದರಿ ಅದಾನೇನು?”

“ಒಮ್ಮಿ ಹಾರ್ತಾನಲ್ಲ.”

“ಯಾರ ಹೇಳ್ಯಾರ?”

ಯಾರು ಹೇಳಬೇಕು? ನಮ್ಮ ಊರಲ್ಲಿ ಹುಟ್ಟಿದ ಮಗುವಿಗೂ ಗೊತ್ತಿತ್ತು. ಅಪ್ಪನ ಆಟದಲ್ಲಿ ರಾಜನಿಗೆ ಒಂದೇ ಸಲ ಕುದುರೆಯಂತೆ ಹಾರುವ ಹಕ್ಕು ಇತ್ತು. ಶಹ ಬೀಳುವ ಮುಂಚೆ ಹಾರಿಕೊಳ್ಳಬೇಕು, ಒಮ್ಮೆ ಶಹ ಬಿದ್ದರೆ ಆ ಹಕ್ಕು ಹೋಯಿತು. ಈ ಬಿಳಿ ರಾಜನಿಗೆ ಹಿಂದೆ ಶಹ ಬಿದ್ದಿದೆಯೋ ಇಲ್ಲವೋ ಎಂದು ನಾನು ಲೆಕ್ಕ ಇಟ್ಟಿರಲಿಲ್ಲ, ತೂಕಡಿಸುತ್ತಿದ್ದೆನಲ್ಲ. ಇಷ್ಟೆಲ್ಲ ಹೇಳಿದರೆ ಭಾಗು ಹಣೆ ಬಡಿದುಕೊಂಡಳು. “ಆ ಆಟ ಮುಗದು ಎಷ್ಟೋ ವರ್ಷ ಆಯ್ತು ಆಯಿ, ಈಗ ಇಡೀ ದುನಿಯಾಕ್ಕ ಒಂದೇ ನಿಯಮ ಅದ” ಎಂದು ರಾಜನನ್ನು ಹಿಂದಕ್ಕಿಡಲು ಕೈ ಚಾಚಿದವಳು ಹಾಗೇ ನಿಂತಳು. ಕೈ ರಾಜನ ತಲೆಯ ಮೇಲೆಯೇ ಇತ್ತು.

“ತಡಿ, ತಡಿ. ಇಲ್ಲಿ ಕೂತರ ಶಹ ಬೀಳಲ್ಲ. ಪ್ಯಾದೀನೇ ಅಡ್ಡ ಬರ್ತದ.”

“ಮತ್ತ? ಅದಕ್ಕೇ ಕೂಡಿಸೀನಿ” ಅಂದೆ. ಸುಳ್ಳು. ರಾಜ ಅಲ್ಲಿ ಚಂದ ಕಾಣುತ್ತಾನೆ ಎಂದು ಕೂರಿಸಿದ್ದೆ.

ಹಾರಲು ಬರದ ರಾಜ ಆ ಮನೆಗೆ ಎರಡು ಹೆಜ್ಜೆಯಲ್ಲಿ ನಡೆದು ಹೋಗಬೇಕು. ಹೋದರೆ ಏನಾಗುತ್ತದೆ? ಅವಳು ಆ ದಿನ, ಮರುದಿನ ಅದೊಂದನ್ನೇ ಆಡಿ ಆಡಿ ನೋಡಿದಳು. ಬಿಳಿ ರಾಜ ಎರಡು ಹೆಜ್ಜೆ ಇಡುವಷ್ಟರಲ್ಲಿ ಕರಿಯವನಿಗೂ ಎರಡು ನಡೆ ಸಿಗುತ್ತದೆ. ಅಷ್ಟರಲ್ಲಿ ಕರಿ ಆನೆ ಸುತ್ತಿಕೊಂಡು ಬಂದು ಪ್ಯಾದೆಯ ಬೆನ್ನಿಗೆ ನಿಲ್ಲುತ್ತದೆ. ಮತ್ತೆ ಸಮ. ಬಿಳಿಯವನಿಗೆ ಬೇಕಾಗಿದ್ದುದು ಒಂದೇ ಒಂದು ನಡೆ. ಆ ಒಂದು ನಡೆ ಅವನ ಹತ್ತಿರ ಇರಲಿಲ್ಲ. ಅವನು ದಣಿದಿರಲೂ ಇಲ್ಲ, ಹೆದರಿರಲೂ ಇಲ್ಲ. ಇಬ್ಬರೂ ಸರಿಯಾಗಿಯೇ ಆಡಿದ್ದರು.

“ಆ ಮೊದಲ್ನೇ ನಡಿ ಮೂಲಿ ಪ್ಯಾದಿಗಿ ದಂಡ ಮಾಡ್ಯಾನಲ್ಲ, ಅದು ಉಳದಿದ್ರ ಈಗ ಬರ್ತಿತ್ತು” ಎಂದು ನಾನು ಬುದ್ಧಿ ಹೇಳಲು ಹೋದೆ.

“ಹಂಗ ಉಳಸಿ ಇಡ್ಲಾಕ ಬರಲ್ಲ ಆಯಿ, ಅದೇನು ಉಪ್ಪಿನಕಾಯಿ ಅಲ್ಲ” ಅಂದಳು.

ನಾಲ್ಕು ಪುಟ ಬರೆದು ಮುಗಿಸಿ ತನ್ನ ಅಪ್ಪನಿಗೆ ಓದಿ ತೋರಿಸಿದಳು. ಮರಾಠಿಯಲ್ಲಿ ಬರೆದಿದ್ದಳು, ಇಲ್ಲಿ ಅವಳ ಶಾಲೆ ಮರಾಠಿಯದೇ. ಮೂರನೇ ಪುಟದಲ್ಲಿ ಇಷ್ಟು ಇತ್ತು: ಈ ಮನೆ ನನಗೆ ಕಾಣಿಸಿರಲಿಲ್ಲ, ನನ್ನ ಅಜ್ಜಿ ಹಳ್ಳಿಯ ಹಳೆಯ ನಿಯಮದಂತೆ ರಾಜನನ್ನು ಕುದುರೆಯ ಹಾಗೆ ಹಾರಿಸಿದಳು, ಅದು ತಪ್ಪು ನಡೆ, ಆ ತಪ್ಪಿನಿಂದ ನನಗೆ ಕಾಣಿಸಿತು.

ಶಿವರಾಜನ ಮುಖ ಸಣ್ಣದಾಯಿತು. “ಇದು ತೆಗಿ. ರಾಜಾ ಹಾರ್ದಾ ಅಂತ ಬರದ್ರ ಆ ಸರ್ ನಕ್ಕೋತ ಹರದು ಒಗೀತಾನ. ಇದ್ದೊಂದು ಅವಕಾಶ ಅದ.”

ನಾನೂ ಹೇಳಿದೆ. “ತೆಗೀ ಭಾಗು. ನನ್ನ ಹೆಸರಿಲ್ದಿದ್ರ ನನಗೇನೂ ಆಗಲ್ಲ.” ಇದೂ ಅರ್ಧ ಸುಳ್ಳು.

ಭಾಗು ಕೇಳಲಿಲ್ಲ. “ಹ್ಯಾಂಗ ಕಾಣಿಸ್ತು ಅಂತ ಬರೀಬೇಕಲ್ಲ ಅಪ್ಪಾ. ತೆಗದ್ರ ಸುಳ್ಳಾಗ್ತದ” ಅಂದಳು. ಫೋನನ್ನು ಹಿಟ್ಟಿನಿಂದ ತೆಗೆದು, ಚಾರ್ಜಿನ ತೂತಿನಲ್ಲಿ ಹೊಕ್ಕ ಹಿಟ್ಟನ್ನು ಸೂಜಿಯಿಂದ ಕೆದಕಿ, ನಾಲ್ಕೂ ಪುಟದ ಫೋಟೋ ತೆಗೆದು ಕಳಿಸಿದಳು.

ಆಮೇಲೆ ಹತ್ತು ದಿನ ಸುದ್ದಿಯಿಲ್ಲ. ಪಟ ಕಪಾಟಿನ ಮೇಲೆ ಹೋಗಿರಲಿಲ್ಲ, ಆದರೆ ಬಿಚ್ಚಿಯೂ ಇರಲಿಲ್ಲ.

ನಿನ್ನೆ ನಾಲ್ಕು ಗಂಟೆಗೆ ಸರ್ ಫೋನು ಮಾಡಿದರು. ಶಿವರಾಜ ಚಹಾಕ್ಕೆ ಮನೆಗೆ ಬಂದಿದ್ದ, ಅವನೇ ಎತ್ತಿದ. ಒಂದು ಕ್ಷಣ ಕೇಳಿ, ಮುಖ ವಿಚಿತ್ರ ಮಾಡಿಕೊಂಡು ಫೋನನ್ನು ನನ್ನ ಕಡೆ ಚಾಚಿದ. “ನಿನ್ನ ಜೋಡಿ ಮಾತಾಡಬೇಕಂತವ್ವ.”

ಸರ್ ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. ರಾಜ ಹಾರುವಾಗ ಎದುರಿನವನ ಕಾಯಿ ತಿನ್ನಬಹುದಿತ್ತೇ ಎಂದು ಕೇಳಿದರು. ಇಲ್ರೀ, ಬರಿದಾದ ಮನೆಗೆ ಮಾತ್ರ ಅಂದೆ. ಪ್ಯಾದೆ ಕೊನೆಯ ಸಾಲು ಮುಟ್ಟಿದರೆ ವಜೀರನೇ ಆಗುತ್ತಿತ್ತೇ ಎಂದರು. ಅದು ಹೇಗೆ ಆಗುತ್ತದೆ, ಆನೆಯ ಸಾಲಿನಲ್ಲಿ ಮುಟ್ಟಿದರೆ ಆನೆ, ಕುದುರೆಯ ಸಾಲಿನಲ್ಲಿ ಮುಟ್ಟಿದರೆ ಕುದುರೆ, ಯಾರ ಮನೆಗೆ ಹೋದೆಯೋ ಅವರ ಹಾಗೆ ಇರಬೇಕು ಅಂದೆ. ಅವರು ನಕ್ಕರು. ನಾನು ಒಂಬತ್ತು ಸಾಲಿನ ಕಥೆ ಹೇಳಿದೆ. ಕರುವಿನ ಕಥೆ ಹೇಳಿದೆ. ಇಷ್ಟು ವರ್ಷದಲ್ಲಿ ಇದನ್ನೆಲ್ಲ ಯಾರೂ ನನ್ನನ್ನು ಕೇಳಿರಲಿಲ್ಲ. ಕಾಲು ತಾಸು ಮಾತಾಡಿರಬೇಕು. ನಮಸ್ಕಾರ್ರೀ ಸರ್ ಎಂದು ಫೋನು ಇಟ್ಟೆ.

ತಿರುಗಿ ನೋಡಿದರೆ ಮೂವರೂ ನನ್ನ ಮುಂದೆ ಕಂಬದ ಹಾಗೆ ನಿಂತಿದ್ದರು.

“ಏನಂದ್ರು?” ಶಿವರಾಜ ಕೇಳಿದ.

“ಪ್ಯಾದಿ ಏನಾಗ್ತಿತ್ತು ಅಂತ ಕೇಳಿದ್ರು.”

“ಅದಲ್ಲವ್ವ! ಭಾಗೂನ್ನ ತಗೊಂಡಾರೋ ಇಲ್ಲೋ?”

ಅದನ್ನು ನಾನು ಕೇಳಿಯೇ ಇರಲಿಲ್ಲ.

“ಕೇಳಿಲ್ಲ? ಕಾಲು ತಾಸು ಮಾತಾಡಿ, ಕರಾ ಒದ್ದಿದ್ದು ಹೇಳಿ, ಇದೊಂದು ಕೇಳಿಲ್ಲ?” ಶಿವರಾಜ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡ. ಮತ್ತೆ ಫೋನು ಹಚ್ಚಿದರೆ ಸರ್ ಬೇರೆ ಯಾರ ಜೊತೆಯೋ ಮಾತಾಡುತ್ತಿದ್ದರು. ಮತ್ತೆ ಹಚ್ಚಿದ, ಮತ್ತೆ ಅದೇ. ಬೇಡ ಬೇಡ ಅನ್ನುತ್ತಿದ್ದವನು ಈಗ ಬೆವರು ಒರೆಸಿಕೊಳ್ಳುತ್ತ ಐದು ಸಲ ಹಚ್ಚಿದ. ನಾನು ದೇವರ ಮನೆಯ ಬಾಗಿಲಲ್ಲಿ ಹೋಗಿ ಕೂತೆ. ಭಾಗು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಆಗ ಫೋನು ಕಿಣಿ ಅಂದಿತು. ಭಾಗು ಕಸಿದುಕೊಂಡು ಜೋರಾಗಿ ಓದಿದಳು. ಉಳಿದ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ಉತ್ತರ ಕಳಿಸಿದ್ದರಂತೆ, ಯಾರನ್ನು ಕೇಳಿ ಬರೆದರೆಂದು ಸರ್‌ಗೆ ಗೊತ್ತಂತೆ. ಭಾಗುವಿನ ಎರಡನೇ ಪುಟದಲ್ಲಿ ಒಂದು ತಪ್ಪು ಇದೆಯಂತೆ, ಬಂದಾಗ ತೋರಿಸುತ್ತಾರಂತೆ. ಕೊನೆಗೆ, ರವಿವಾರ ಹತ್ತು ಗಂಟೆಗೆ ಪಟ ತೆಗೆದುಕೊಂಡು ಬಾ.

ಭಾಗು ನನ್ನನ್ನು ಎತ್ತಿ ತಿರುಗಿಸಲು ನೋಡಿದಳು, ಅರ್ಧಕ್ಕೇ ಇಬ್ಬರೂ ಗೋಡೆಗೆ ಒರಗಿದೆವು. ಶಿವರಾಜ “ಅಂಗಡಿ ತೆರದೇ ಬಿಟ್ಟು ಬಂದೀನಿ” ಎಂದು ಹೊರಗೆ ಹೋದ. ಏಳು ಗಂಟೆಗೆ ಬರುವವನು ಆರಕ್ಕೇ ಬಂದ.

ದಿನವೂ ನಮ್ಮ ಮನೆಯಲ್ಲಿ ಸುವರ್ಣಾ ಎಲ್ಲರಿಗೂ ಬಡಿಸಿ ಕೊನೆಗೆ ತಾನು ಕೂರುತ್ತಾಳೆ. ನಿನ್ನೆ ಸಂಜೆ ಪಾತ್ರೆಗಳನ್ನೆಲ್ಲ ನಡುವೆ ತಂದಿಟ್ಟು, ನಾಲ್ಕು ತಟ್ಟೆ ಹಚ್ಚಿ, ತಾನೂ ಕೂತಳು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ತುಪ್ಪ ಸುರಿದ ಶಿರಾ. ಶಿವರಾಜ ರೊಟ್ಟಿ ಮುರಿಯುತ್ತ, ಯಾರ ಕಡೆಗೂ ನೋಡದೆ ಕೇಳಿದ:

“ರವಿವಾರ ಮುಂಜಾನಿ ಉದಗೀರಕ್ಕ ಬಸ್ ಎಷ್ಟಕ್ಕದನೋ ಏನೋ.”

“ಏಳೂವರಿಗಿ ಒಂದದ. ವಲಾಂಡಿ ಮ್ಯಾಲಿಂದ ಹೋಗ್ತದ” ಅಂದಳು ಸುವರ್ಣಾ.

“ನಿನಗ ಹ್ಯಾಂಗ ಗೊತ್ತು?”

“ಸ್ಟ್ಯಾಂಡಿನಾಗ ಕೇಳಿ ಇಟ್ಟೀನಿ.”

“ಇವತ್ತ ನೀ ಹೊರಗೇ ಹೋಗಿಲ್ಲಲ್ಲ?”

“ಇವತ್ತಲ್ಲರೀ. ಉಮರ್ಗಾದಾಗ ಸೋತು ಬಂದ ದಿನಾನೇ ಕೇಳೀನಿ, ಬಸ್ ಇಳದ ಕೂಡ್ಲೇ.”

ಭಾಗು ಊಟ ನಿಲ್ಲಿಸಿ ತಾಯಿಯ ಮುಖ ನೋಡಿದಳು. ಸುವರ್ಣಾ ತಲೆ ಎತ್ತಲಿಲ್ಲ, ಪಲ್ಯದಲ್ಲಿ ಉಪ್ಪು ಸರಿಯಿದೆಯೋ ಇಲ್ಲವೋ ಎಂದು ನೋಡುವವಳ ಹಾಗೆ ನಿಧಾನಕ್ಕೆ ಉಣ್ಣುತ್ತಿದ್ದಳು. ಶಿವರಾಜ ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟುಕೊಂಡು, ಬಹಳ ಹೊತ್ತು ಜಗಿದು, ಶಿರಾದ ಪಾತ್ರೆಯನ್ನು ಹೆಂಡತಿಯ ಕಡೆಗೆ ಸರಿಸಿದ.

“ಮೊದಲು ನೀ ಹಾಕ್ಕೋ” ಅಂದ.